ಗಂಡನ ಹೆಸರು

"ನಿಮ್ಮ ಗಂಡನ ಹೆಸರು ಹೇಳಿ," ಎಂದಳು ಮೊಬೈಲ್ ಪರದೆಯಲ್ಲಿದ್ದ ದುಭಾಷಿ ಯಮುನಾ. ಪಕ್ಕದ ಚೌಕದಲ್ಲಿ ಬೆಲ್ಜಿಯಂ ಅಧಿಕಾರಿ ಪೆನ್ನು ಹಿಡಿದು ಕಾಯುತ್ತಿದ್ದ. ಟಿಬೆಟನ್ ಬಲ್ಲವರು ಸಿಗದೆ ಕನ್ನಡದವಳನ್ನು ಕೂರಿಸಿದ್ದರು.

ಲಾಮೊ ತಲೆ ತಗ್ಗಿಸಿದಳು. ಗಂಡ ಆಶ್ರಯ ಕೇಳಿಕೊಂಡು ಆ ದೇಶಕ್ಕೆ ಹೋಗಿ ಎಂಟು ವರ್ಷ. ಅವನಿಗೆ ಅಲ್ಲಿ ನೆಲೆಸುವ ಕಾಗದಪತ್ರ ಸಿಕ್ಕಿದ್ದು ಹೋದ ವರ್ಷ. ಇವಳು ನಿಜವಾದ ಹೆಂಡತಿಯೇ ಎಂದು ಇವತ್ತು ಒಪ್ಪಿದರೆ ವೀಸಾ. ಇಲ್ಲವಾದರೆ ಮತ್ತೆ ಮೊದಲಿನಿಂದ ಅರ್ಜಿ.

ಎಂಟು ವರ್ಷವೂ ಅವಳು ಇದ್ದದ್ದು ಕುಶಾಲನಗರದಲ್ಲಿ, ಚಲುವಮ್ಮನ ಮನೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅವನ ಆಯಸ್ಸು ಸವೆಯುತ್ತದೆಂದು ಚಲುವಮ್ಮ ಮೊದಲ ವಾರವೇ ಎಚ್ಚರಿಸಿದ್ದಳು. ಟಿಬೆಟನ್ನರಲ್ಲಿ ಅಂಥ ಕಟ್ಟಳೆಯೇನೂ ಇಲ್ಲ. ಆದರೂ ಅಷ್ಟು ದೂರ ಇರುವವನ ವಿಷಯ, ಯಾಕೆ ಬೇಕು ಎಂದು ಲಾಮೊ ಅಂದಿನಿಂದ ಒಮ್ಮೆಯೂ ಹೇಳಿರಲಿಲ್ಲ.

"ಹೆಸರೇ ಗೊತ್ತಿಲ್ವಾ ಅಂತ ಕೇಳ್ತಿದ್ದಾರೆ."

"ಗೊತ್ತಿದೆ ಮೇಡಂ. ಹೇಳೋ ಹಾಗಿಲ್ಲ."

ಅಧಿಕಾರಿ ಏನೋ ಬರೆದುಕೊಂಡ. ಬಾಗಿಲ ಮರೆಯಲ್ಲಿ ಕೂತಿದ್ದ ಚಲುವಮ್ಮ ಅಲ್ಲಿಂದಲೇ ಕೂಗಿದಳು: "ಅಯ್ಯೋ, ಪದ ಕಟ್ಟಿ ಹೇಳೇ! ಪದದೊಳಗೆ ಹೇಳಿದ್ರೆ ದೋಷ ಇಲ್ಲ ಕಣೇ. ಮದ್ವೆಯಾಗಿ ಹೊಸಿಲು ದಾಟೋವಾಗ ನಾನೂ ಹಂಗೇ ಹೇಳಿದ್ದು."

ಚಲುವಮ್ಮ ತನ್ನ ಗಂಡನಿಗೆಂದು ಹೇಳಿದ್ದ ಆ ಪದವನ್ನು ಲಾಮೊ ಎಷ್ಟು ಸಲ ಕೇಳಿದ್ದಳೋ. ಕಣ್ಣು ಮುಚ್ಚಿ, ಹೆಸರೊಂದನ್ನು ಬದಲಿಸಿ, ರಾಗವಾಗಿ ಹೇಳಿದಳು:

"ಹಾರಂಗಿ ನೀರು ಹರಿದು ಬಂತು, ಹೊಲಕ್ಕೆ ಬಂತು ಹಸಿರು;
ನನ್ನೆದೆ ಮಣೆ ಮೇಲೆ ಕೂತೈತೆ ನೋರ್ಬು ಅನ್ನೋರ ಹೆಸರು."

ಯಮುನಾ ತಡವರಿಸುತ್ತ ಇಂಗ್ಲಿಷಿಗೆ ತಿರುಗಿಸಿದಳು. ಅಧಿಕಾರಿ ಕಡತ ಮಗುಚಿ ಮಗುಚಿ ನೋಡಿದ.

"ಈ ಹಾರಂಗಿ ಯಾರು ಅಂತಿದ್ದಾರೆ. ಅರ್ಜೀಲಿ ಆ ಹೆಸರೇ ಇಲ್ವಂತೆ."

"ಡ್ಯಾಮು ಕಣವ್ವ, ಡ್ಯಾಮು!" ಚಲುವಮ್ಮ ಮರೆ ಬಿಟ್ಟು ಪರದೆಯ ಮುಂದೆಯೇ ಬಂದಳು. "ಇವ್ಳಿಗೆ ಗಂಡ ಒಬ್ನೇ ಅಂತ ಹೇಳು ಆ ಸಾಯೇಬ್ರಿಗೆ!"

ಯಮುನಾ ಹೇಳಿದಳು. ಅಧಿಕಾರಿ ಪೆನ್ನು ಕೆಳಗಿಟ್ಟು ಜೋರಾಗಿ ನಕ್ಕ. ನಗು ಮುಗಿದ ಮೇಲೆ ಮತ್ತೆ ಪೆನ್ನು ಹಿಡಿದ.

"ಕೊನೇ ಪ್ರಶ್ನೆ ಅಂತೆ," ಎಂದಳು ಯಮುನಾ. "ಹೆಸರು ಹೇಳೋ ಹಾಗಿಲ್ಲ ಅಂದ್ರೆ, ಮನೇಲಿ ಅವರನ್ನ ಏನಂತ ಕರೀತೀರಾ?"

ಈ ಸಲ ಲಾಮೊ ಚಲುವಮ್ಮನ ಕಡೆ ತಿರುಗದೆ ನೇರ ಪರದೆ ನೋಡಿದಳು. ಹೆಸರು ಹೇಳುವುದನ್ನು ಬಿಟ್ಟ ಮೇಲೆ ಗಂಡನೊಂದಿಗೆ ಒಂದು ದಿನವೂ ಬಾಳಿರಲಿಲ್ಲ.

"ಮೊದ್ಲು ಇಬ್ರನ್ನೂ ಒಂದು ಮನೇಲಿ ಇರಿಸಿ ಸಾರ್," ಎಂದಳು ಲಾಮೊ. "ಕರೆದು ತೋರಿಸ್ತೀನಿ."