ಬಾಗಿಲ ಬಳಿಯ ರೇಡಿಯೊ

ಒಳಗಿನ ಕೋಣೆಯಲ್ಲಿ ಅಳು ಶುರುವಾದದ್ದೇ ತಡ, ಹೊರಗೆ ಕೂತಿದ್ದ ಅಜ್ಜಿ ರೇಡಿಯೊದ ಕಿವಿ ಹಿಂಡಿದಳು. ಹಾಡು ಜೋರಾಯಿತು, ಅಳು ಅದರಡಿ ಅಡಗಿತು. ಮೊಮ್ಮಗಳು ಆಪ್ತಸಮಾಲೋಚಕಿ, ನೊಂದವರು ಮನೆಗೇ ಬಂದು ಅವಳೆದುರು ಮನಸ್ಸು ಬಿಚ್ಚುತ್ತಿದ್ದರು. ಆ ಮಾತು ಹೊಸಿಲು ದಾಟಬಾರದೆಂದು ಬಾಗಿಲ ಬಳಿ ರೇಡಿಯೊ, ರೇಡಿಯೊದ ಬಳಿ ಅಜ್ಜಿ.

ಮಾತಿಗೇನೋ ಕಾವಲಾಯಿತು, ಅಜ್ಜಿಯ ಕುತೂಹಲಕ್ಕೆ ಯಾರು ಕಾವಲು? ನೀಲಿ ಕೊಡೆಯ ಹುಡುಗಿಯೊಬ್ಬಳು ಯಾರಾದರೂ ನೋಡಿಯಾರೆಂದು ಬೀದಿಯ ಎರಡೂ ತುದಿಗೆ ಕಣ್ಣು ಹಾಯಿಸಿಯೇ ಒಳಗೆ ಬರುತ್ತಿದ್ದಳು. ಮೊದಮೊದಲು ಅಳುತ್ತ ಹೋಗುತ್ತಿದ್ದವಳು ಈಚೆಗೆ ನಗುತ್ತ ಹೋಗತೊಡಗಿದ್ದಳು. ನಡುವೆ ಏನಾಯಿತೆಂದು ತಿಳಿಯದೆ ಅಜ್ಜಿಗೆ ಊಟ ಸೇರದು.

"ಹೆಸರು ಬೇಡ ಕಣೇ. ಕಥೆ ಮಾತ್ರ ಹೇಳು."

"ಹೇಳೋ ಹಾಗಿಲ್ಲ ಅಜ್ಜಿ."

"ರಾಜಕುಮಾರೀನ ಏಳು ಸಮುದ್ರ ದಾಟಿಸಿ ಮನೆ ಮುಟ್ಟಿಸ್ದೆ ನಿಂಗೋಸ್ಕರ. ಒಂದು ಕಥೇನಾದ್ರೂ ಅರ್ಧಕ್ಕೆ ಬಿಟ್ಟಿದ್ನಾ?"

"ಅವು ನಿನ್ನ ಕಥೆಗಳು, ಹೇಳಿದೆ. ಇದು ಅವಳ ಕಥೆ."

ಅಜ್ಜಿ ಮುಖ ಊದಿಸಿಕೊಂಡಳು. ಆ ದಿನವೆಲ್ಲ ಮೊಮ್ಮಗಳೊಡನೆ ಮಾತು ಬಿಟ್ಟು ಬೆಕ್ಕಿನೊಡನೆ ಮಾತಾಡಿದಳು.

ಮರುದಿನ ಮೊಮ್ಮಗಳು ಪೇಟೆಗೆ ಹೋಗಿದ್ದಾಗ ಹೆಂಗಸೊಬ್ಬಳು ಬಂದು ಫೋನಿನಲ್ಲಿ ಚಿತ್ರವೊಂದನ್ನು ತೋರಿಸಿದಳು. ನೀಲಿ ಕೊಡೆಯ ಹುಡುಗಿ! ತಾನು ಅವಳ ತಾಯಿ, ಮಗಳು ಮನೆಯಲ್ಲಿ ತುಟಿ ಎರಡು ಮಾಡುವುದಿಲ್ಲ, ಇಲ್ಲಿಗೆ ಬರುತ್ತಾಳೇನು, ತನ್ನ ಮೇಲೇನಾದರೂ ದೂರು ಹೇಳುತ್ತಾಳೇನು ಎಂದು ಗೋಗರೆದಳು.

ಅಜ್ಜಿ ಚಿತ್ರವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ಕನ್ನಡಕ ತೆಗೆದು ಒರೆಸಿದಳು. ಒಂದು ಮಾತು ಬಿಟ್ಟುಕೊಟ್ಟಿದ್ದರೆ ಸಾಕಿತ್ತು, ಇಡೀ ಕಥೆ ಈಗಲೇ ಮಡಿಲಿಗೆ ಬೀಳುತ್ತಿತ್ತು.

"ಈ ಮನೇಲಿ ಬರೋರು ಹೋಗೋರು ಯಾರೂ ನನ್ನ ಕಣ್ಣಿಗೆ ಕಾಣಲ್ಲಮ್ಮ," ಎಂದಳು ಕೊನೆಗೆ. "ನೀನೂ ಕಾಣ್ತಿಲ್ಲ. ಬಾ, ಕೂತ್ಕೋ."

ಆ ತಾಯಿ ಕೂತಳು. ಕೂತವಳೇ ಕಟ್ಟೆಯೊಡೆದಂತೆ ಅತ್ತಳು.

ಮೊಮ್ಮಗಳು ಹಿಂದಿರುಗಿದಾಗ ಯಾರೋ ಹೆಂಗಸು ಅಜ್ಜಿಯ ಕೈಯನ್ನು ಕಣ್ಣಿಗೊತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಮೊಮ್ಮಗಳು ಚೀಲವನ್ನು ಅಲ್ಲೇ ಇಟ್ಟು, ಚಿಕ್ಕವಳಿದ್ದಾಗ ಕಥೆಗೆ ಕೂರುತ್ತಿದ್ದ ಹಾಗೆ ಅಜ್ಜಿಯ ಕಾಲ ಬಳಿ ಕೂತಳು.

"ಯಾರಜ್ಜಿ ಅದು? ಯಾಕೆ ಅಳ್ತಿದ್ರು?"

"ಅದು ಅವಳ ಕಥೆ."

ಒಳಗಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಅಜ್ಜಿ ಕೈ ಚಾಚಿ ರೇಡಿಯೊದ ದನಿ ಏರಿಸಿದಳು.