ಉಜ್ಜದೆ ಉಳಿದ ಕಲ್ಲು

"ಅಕ್ಷರ ಎಲ್ಲಾ ಉಲ್ಟಾ ಅದಾವಲ್ರೀ ಅಮ್ಮಾ, ಏನ್ ಬರದೈತಿ?" ಅಚ್ಚು ಹಾಕುವ ಹಳೆಯ ಲಿಥೋ ಕಲ್ಲು ಕೊಳ್ಳಲು ಸಿರುಗುಪ್ಪದಿಂದ ಬಂದಿದ್ದ ಹುಲುಗಪ್ಪ ಕೇಳಿದ.

ಪ್ರೆಸ್ಸಿನ ಒಡತಿ ವಿಜಯಾಬಾಯಿ ಸೆರಗಿನಿಂದ ಕಲ್ಲಿನ ಧೂಳು ಒರೆಸಿದರು. ಛಾಪಿಸಿದ ಮೇಲೆ ಮರಳು ಹಾಕಿ ಕಲ್ಲುಜ್ಜಿ ಅಕ್ಷರ ಅಳಿಸುವುದು ಮೂರು ತಲೆಮಾರಿನ ಈ ಪ್ರೆಸ್ಸಿನ ಪದ್ಧತಿ. ಇದೊಂದನ್ನು ಮಾತ್ರ ಮಾವನವರು ಉಜ್ಜಗೊಡಲಿಲ್ಲ.

"ನಮ್ಮ ಲಗ್ನಪತ್ರಿಕಿ," ಎನ್ನುತ್ತ, ಬಲದಿಂದ ಎಡಕ್ಕೆ ಬೆರಳಾಡಿಸಿ ಸರಾಗವಾಗಿ ಓದತೊಡಗಿದರು. 'ಚಿರಂಜೀವಿ' ಎನ್ನುವಲ್ಲಿ ಬೆರಳು ನಿಂತಿತು. ಮುಂದಿನದು ಗಂಡನ ಹೆಸರು. ಐವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಅವರು ತೀರಿಕೊಂಡ ಮೇಲೂ ಇಲ್ಲ.

"ಮುಂದ ಏನೈತ್ರಿ?" ಎಂದ ಹುಲುಗಪ್ಪ.

"ಗೋಪಾಲಕೃಷ್ಣ," ಎಂದರು, ಕರೆದಷ್ಟು ಗಟ್ಟಿಯಾಗಿ.

ಖಾಲಿ ಪ್ರೆಸ್ಸಿನ ತುಂಬ ಹೆಸರು ಕೇಳಿಸಿತು. ಓ ಎನ್ನಲು ಒಳಗೆ ಯಾರೂ ಇರಲಿಲ್ಲ.