ಚಕ್ರದ ಕೆಳಗಿನ ನಿಂಬೆಹಣ್ಣು

"ಫಸ್ಟ್ ರೇಸು ಮಗಾ, ನಿಂಬೆಹಣ್ಣಿನ ಮೇಲೆ ಹತ್ತಿಸ್ಕೊಂಡೇ ಹೋಗ್ಬೇಕು!" ಎನ್ನುತ್ತ ಮುನೀಂದ್ರ, ತಾನೇ ಟರ್ಬೊ ಕೂರಿಸಿ ಗೇರ್‌ಬಾಕ್ಸ್ ಬದಲಿಸಿದ ಕಾರಿನ ಮುಂದಿನ ಚಕ್ರಗಳ ಕೆಳಗೆ ಎರಡು ನಿಂಬೆಹಣ್ಣು ಇಟ್ಟ. "ನಾನು ಹಿಂದೆ ನಿಂತು ವಿಡಿಯೋ ಮಾಡ್ತೀನಿ. ಗೇರು ನಿನ್ನ ಕ್ಯಾಬಿನ ಥರ ಅಲ್ಲ, ನೆನಪಿಟ್ಕೊ."

ಹಗಲೆಲ್ಲ ಕ್ಯಾಬ್ ಓಡಿಸುವ ಹಣಮಂತ ಸ್ಟೇರಿಂಗ್ ಹಿಡಿದು ಕೂತಿದ್ದ. ಪಕ್ಕದ ಕಾರು ಗುಡುಗಿತು. ಅವನ ಕ್ಯಾಬಿನಲ್ಲಿ ಫಸ್ಟ್ ಗೇರ್ ಇರುವ ಜಾಗಕ್ಕೇ ಕೈ ತಾನಾಗಿ ಹೋಯಿತು. ಹೊರಡುವ ಸನ್ನೆಯ ಟಾರ್ಚು ಮಿಂಚಿದ್ದೇ ಕ್ಲಚ್ ಬಿಟ್ಟ.

ಬೆನ್ನು ಸೀಟಿಗೆ ಅಂಟಬೇಕಿತ್ತು. ಎದೆ ಹೋಗಿ ಸ್ಟೇರಿಂಗಿಗೆ ಬಡಿಯಿತು. ಹಿಂದೆ ದಬ್ಬೆಂದು ಸದ್ದಾಯಿತು. ಬ್ರೇಕ್ ತುಳಿದ. ನಾಗಸಂದ್ರದ ಆ ರಸ್ತೆಯಲ್ಲಿ ಕೇಕೆ ಹಾಕುತ್ತಿದ್ದವರೆಲ್ಲ ಕಾರಿನ ಹಿಂದಕ್ಕೆ ಓಡಿದರು.

"ಮುನೀ... ಎಲ್ಲಿ ಅದೀಯಲೇ?"

ಹೆಡ್‌ಲೈಟಿನ ಬೆಳಕಿನಲ್ಲಿ, ಕಾರಿನಿಂದ ಹತ್ತು ಅಡಿ ಮುಂದೆ, ಎರಡು ನಿಂಬೆಹಣ್ಣೂ ಇಟ್ಟಲ್ಲೇ ಇದ್ದವು. ಒಂದೂ ಒಡೆದಿರಲಿಲ್ಲ.